ಬಾನೆಟ್ಟಿನ ಕೆಳಗಿನ ಕೇರಿ

ಬಳ್ಳಾರಿಯ ಹೊಸ ಕಲೆಕ್ಟರ್ ದೊರೆಯ ಜೇಬಿನಲ್ಲಿ ಒಂದು ಬಿಳಿ ಕರ್ಚೀಫು. ರಾಯದುರ್ಗದ ಮುದ್ದಪ್ಪನ ಹೊಟ್ಟೆಯಲ್ಲಿ ಒಂದು ನಡುಕ. ಎರಡರ ನಡುವೆ ಮೂವತ್ತು ಚಿಲ್ಲರೆ ಮೈಲಿ ರೈಲುದಾರಿ. ಸಂಜೆ ನಾಲ್ಕರ ಗಾಡಿಗೆ ಕರ್ಚೀಫು ಬಂದಿಳಿಯುತ್ತದೆಂದು ಬೆಳಿಗ್ಗೆ ತಂತಿ ಬಂದಿತ್ತು. ನಡುಕ ಮಾತ್ರ ಅದಕ್ಕೂ ಮೊದಲೇ ಬಂದು ಕೂತಿತ್ತು.

ದೊರೆಯ ಚಾಳಿ ಜಿಲ್ಲೆಗೆಲ್ಲ ಗೊತ್ತು. ಯಾರ ಕಾರೇ ಆಗಲಿ, ಹತ್ತುವ ಮೊದಲು ಬಾನೆಟ್ಟು ಎತ್ತಿಸುತ್ತಾನೆ. ಕರ್ಚೀಫು ತೆಗೆದು ಇಂಜಿನ್ನಿನ ಮೇಲೆ ಒಮ್ಮೆ ಎಳೆಯುತ್ತಾನೆ. ಬೆಳ್ಳಗೆ ಉಳಿದರೆ ಕಾರು ಹತ್ತುತ್ತಾನೆ. ಕಪ್ಪಾದರೆ ಅದನ್ನು ಕಾರಿನ ಒಡೆಯನ ಕೈಗಿಟ್ಟು ನಡೆದೇ ಹೋಗುತ್ತಾನೆ. ಹಿಂದಿನ ತಿಂಗಳು ಒಬ್ಬ ಜಮೀನುದಾರರ ಕೈಗೆ ಹಾಗೆ ಇಟ್ಟನಂತೆ. ಅವರು ಅಂದಿನಿಂದ ಅವಮಾನಕ್ಕೆ ಊಟ ಸೇರದೆ ಬರೀ ಗಂಜಿ ಕುಡಿಯುತ್ತಿದ್ದಾರೆಂದು ಸುದ್ದಿ.

ಸಾಹುಕಾರ ನರಸಿಂಹಪ್ಪನವರಿಗೆ ಗಂಜಿ ಸೇರುತ್ತಿರಲಿಲ್ಲ. ಊರಿನಲ್ಲಿ ಕಾರಿದ್ದದ್ದು ಅವರೊಬ್ಬರಿಗೇ. ಸರ್ಕಾರ ತಮ್ಮ ಹೆಸರಿನ ಮುಂದೆ ‘ರಾವ್ ಸಾಹೇಬ್’ ಎಂದು ಸೇರಿಸಲಿ ಎಂದು ಮೂರು ವರ್ಷದಿಂದ ಕಾಯುತ್ತಿದ್ದರು. ಬಿರುದಿಲ್ಲದ ಹೆಸರು ಅವರ ಕಣ್ಣಿಗೆ ರುಮಾಲಿಲ್ಲದ ತಲೆಯ ಹಾಗೆ ಬೋಳುಬೋಳಾಗಿ ಕಾಣುತ್ತಿತ್ತು.

“ಮುದ್ದಾ,” ಎಂದು ಅವರು ಜಗಲಿಯ ಮೇಲಿಂದಲೇ ಕೂಗಿದರು, “ಕರ್ಚೀಫು ಬೆಳ್ಳಗ ಇರಬೇಕು ನೋಡು. ಕರ್ರಗಾತು ಅಂದ್ರ ನಾಳಿ ಮುಂಜಾನಿಂದ ನೀನು ಕಪಿಲಿಗೆ.”

“ಧಣ್ಯಾರ…”

“ನಿಮ್ಮಪ್ಪನ ಬಾರಕೋಲು ಇನ್ನೂ ಹಂಗ ಗೂಟಕ್ಕ ತೂಗಾಕ ಹತ್ತೈತಿ. ಅದರಾಗ ಮೊದಲು ನಿನಗ ನಾಕು, ಆಮ್ಯಾಲ ಎತ್ತಿಗೆ.”

ಕಪಿಲೆ ಎಂದರೆ ಎತ್ತುಗಳನ್ನು ಇಳಿಜಾರಿನಲ್ಲಿ ಹಿಂದೆ ಮುಂದೆ ನಡೆಸಿ, ತೊಗಲಿನ ಚೀಲದಲ್ಲಿ ಬಾವಿಯ ನೀರು ಎಳೆಸುವುದು. ಮುದ್ದಪ್ಪನ ಅಪ್ಪ ಸಾಹುಕಾರರ ಬಾವಿಯ ಮೇಲೆ ಇಪ್ಪತ್ತಾರು ವರ್ಷ ಹಾಗೆ ನಡೆದ. ಅಷ್ಟು ದೂರ ನೆಟ್ಟಗೆ ನಡೆದಿದ್ದರೆ ಕಾಶಿಗೆ ಹತ್ತು ಸಲ ಹೋಗಿ ಬರಬಹುದಿತ್ತು. ಅವನು ಮಾತ್ರ ಅದೇ ಇಳಿಜಾರಿನಲ್ಲಿ, ಎತ್ತುಗಳ ಹಿಂದೆ ಬಿದ್ದು ಸತ್ತ. ಎತ್ತುಗಳು ಇನ್ನೂ ಎರಡು ಸಲ ಇಳಿದು ಹತ್ತಿದವಂತೆ.

ಮಗನೂ ಅಲ್ಲಿಗೇ ಹೋಗಬೇಕಾದವನು. ತಪ್ಪಿಸಿದ್ದು ಒಂದು ತೊಗಲಿನ ಪಟ್ಟಿ. ಮೂರು ವರ್ಷದ ಹಿಂದೆ ಕಾರು ಮನೆಗೆ ಬಂದ ದಿನ ಡ್ರೈವರ್ ಕದಿರಪ್ಪ ಬಾನೆಟ್ಟಿನ ಎರಡೂ ರೆಕ್ಕೆ ಎತ್ತಿ ಒಳಗಿನ ವೈಭವ ತೋರಿಸಿದ್ದ. ಸಾಹುಕಾರರ ತಾಯಿ ಈಶ್ವರಮ್ಮ ಬಗ್ಗಿ ನೋಡಿದರು. ಫ್ಯಾನು ತಿರುಗಿಸುವ ಪಟ್ಟಿ ಕಣ್ಣಿಗೆ ಬಿತ್ತು.

“ಅದೇನೋ ಅದು?”

“ತೊಗಲಿನ ಪಟ್ಟಿ ಅವ್ವಾರ. ವಿಲಾಯ್ತಿ ದನದ್ದು.”

ಈಶ್ವರಮ್ಮ ಮೂರು ಹೆಜ್ಜೆ ಹಿಂದೆ ಸರಿದು ಸೀರೆ ಎತ್ತಿ ಹಿಡಿದರು. ಅಲ್ಲಿಂದಲೇ ತೀರ್ಪೂ ಬಂತು: ತೊಗಲು, ಮಸಿ, ಜಿಡ್ಡು ಇರುವ ಜಾಗ ಕೇರಿಯವರ ಪಾಲು, ಕೇರಿಯಿಂದ ಒಬ್ಬನನ್ನು ಕರೆಸಿ. ಹಾಗೆ ಬಂದವನು ಮುದ್ದಪ್ಪ. ಕಾರಿನ ಮುಂದಿನ ಗಾಜು ಅಂದಿನಿಂದ ಊರಿನ ಎಲ್ಲೆಯಾಯಿತು. ಗಾಜಿನ ಹಿಂದಿನ ಮೆತ್ತೆ, ಸ್ಟೀರಿಂಗ್ ಚಕ್ರ, ಬಾಗಿಲು, ಎಲ್ಲ ಊರು. ಮುಂದಿನ ಇಂಜಿನ್ನು ಕೇರಿ. ಹ್ಯಾಂಡಲ್ ಹಾಕಿ ತಿರುವಿ ಕಾರಿಗೆ ಜೀವ ಕೊಡುವವನು ಮುದ್ದಪ್ಪ. ಒಳಗೆ ಕೂಡುವ ಹಕ್ಕು ಮಾತ್ರ ಇಲ್ಲ. ಎಲ್ಲಿಗೆ ಹೋದರೂ ಮುಂದಿನ ಮಡ್‌ಗಾರ್ಡಿನ ಮೇಲೆ, ದೀಪದ ಬುರುಡೆ ತಬ್ಬಿಕೊಂಡು, ಮರ ಹತ್ತಿದ ಕೋತಿಯಂತೆ ಕೂತು ಹೋಗುತ್ತಿದ್ದ.

ಆದರೂ ಅದು ಕಪಿಲೆಯಲ್ಲ. ಮಡ್‌ಗಾರ್ಡು ಮುಂದಕ್ಕೆ ಹೋಗುತ್ತದೆ.

ಆ ದಿನ ಇಂಜಿನ್ನಿನ ಮೈಮೇಲೆ ಡಿ. ಹಿರೇಹಾಳಿನ ಕೆರೆಯಂಗಳದ ಅರ್ಧ ಮಣ್ಣಿತ್ತು. ಹಿಂದಿನ ದಿನ ಕದಿರಪ್ಪ ಒಳದಾರಿ ಹಿಡಿದು ಕೆಸರಿನಲ್ಲಿ ಓಡಿಸಿದ್ದ. ಮುದ್ದಪ್ಪ ನೇಕಾರರ ಮನೆಯಿಂದ ತಂದ ನೂಲಿನ ಚಿಂದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಕೂತ. ಬೆರಳು ಹೋಗದ ಸಂದಿಗೆ ಬೇವಿನ ಕಡ್ಡಿ, ಕಡ್ಡಿ ಹೋಗದ ಸಂದಿಗೆ ಕೋಳಿಪುಕ್ಕ. ಒಂಬತ್ತರ ಹೊತ್ತಿಗೆ ಕಬ್ಬಿಣ ಕಬ್ಬಿಣದ ಹಾಗೆ ಕಂಡಿತು. ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಆದರೆ ದೊರೆ ಬರುವ ದಿನ ಊರಿನಲ್ಲಿ ಬುದ್ಧಿವಂತರು ಜಾಸ್ತಿಯಾಗುತ್ತಾರೆ.

“ಲೇ ಮುದ್ದ,” ಕದಿರಪ್ಪ ಎಲೆಅಡಿಕೆ ಜಗಿಯುತ್ತ ಕಟ್ಟೆಯ ಮೇಲೆ ಕಾಲಾಡಿಸಿದ, “ಬರೇ ಸ್ವಚ್ಛ ಆದ್ರ ಏನು ಬಂತಲೇ? ಮಿಂಚಬೇಕು. ಎತ್ತಿನ ಕೊಂಬಿಗೆ ಏನು ಹಚ್ತಾರ?”

“ಹರಳೆಣ್ಣಿ.”

“ಮತ್ತ? ಹಚ್ಚು.”

“ಜಿಡ್ಡಾಗಂಗಿಲ್ಲೇನಣ್ಣಾ?”

“ಡ್ರೈವರ್ ನೀನೋ ನಾನೋ?”

ಮುದ್ದಪ್ಪ ಹಚ್ಚಿದ. ಇಂಜಿನ್ನು ಪೈಲ್ವಾನನ ಬೆನ್ನಿನಂತೆ ಥಳಥಳ ಹೊಳೆಯಿತು. ಸರಿಯಾಗಿ ಆಗಲೇ ಸಂತೆಗೆ ಹೊರಟ ಇನ್ನೂರು ಕುರಿಗಳು ಬೀದಿ ತುಂಬ ನುಗ್ಗಿದವು. ಎದ್ದ ಧೂಳಿನಲ್ಲಿ ಕಾರೂ ಕಾಣಲಿಲ್ಲ, ಕಟ್ಟೆಯೂ ಕಾಣಲಿಲ್ಲ. ಧೂಳು ಇಳಿದಾಗ ಇಂಜಿನ್ನು ಎಳ್ಳಿನಲ್ಲಿ ಹೊರಳಿಸಿದ ಉಂಡೆಯಾಗಿತ್ತು.

“ನಾ ಹಚ್ಚು ಅಂದೆ,” ಎಂದ ಕದಿರಪ್ಪ ಧೂಳು ಉಗುಳುತ್ತ, “ಕುರಿ ಬರೋ ಹೊತ್ತಿನಾಗ ಹಚ್ಚು ಅಂದ್ನೇನು?”

ಮುದ್ದಪ್ಪನಿಗೆ ಗೂಟದ ಮೇಲಿನ ಬಾರಕೋಲು ಕಣ್ಣಮುಂದೆ ಬಂತು. ಬೆನ್ನು ಈಗಲೇ ಜುಮ್ಮೆಂದಿತು. ಮತ್ತೆ ಸೀಮೆಎಣ್ಣೆ, ಮತ್ತೆ ಚಿಂದಿ, ಮತ್ತೆ ಕೋಳಿಪುಕ್ಕ. ಮಟಮಟ ಮಧ್ಯಾಹ್ನವಾಯಿತು. ಆಗ ಮೇಲಿನಿಂದ ಇನ್ನೊಂದು ಬುದ್ಧಿ ಇಳಿಯಿತು. ಮಾಳಿಗೆಯ ಕಟಕಟೆಗೆ ಒರಗಿ ಈಶ್ವರಮ್ಮ ನಿಂತಿದ್ದರು.

“ಏ ಮುದ್ದ, ಆ ತಾಮ್ರದ ಕೊಳವಿ ಯಾಕ ಹಂಗ ಸತ್ತಂಗ ಅದಾವು? ನಮ್ಮ ಹಂಡೇಕ ಏನು ಹಚ್ಚಿ ತಿಕ್ತಾರ, ನೋಡಿಲ್ಲೇನು?”

“ನಿಮ್ಮ ಹಂಡೆ ನಾ ಎಲ್ಲಿ ನೋಡೀನ್ರಿ ಅವ್ವಾರ? ಹಿತ್ತಲ ಬಾಗಿಲು ಸೈತ ನೋಡಿಲ್ಲ.”

“ನಾಲಿಗಿ ಬಾಳ ಐತಿ. ತಗೋ.”

ಮುಷ್ಟಿಗಾತ್ರದ ಹುಣಸೆಹಣ್ಣಿನ ಉಂಡೆ ಮೇಲಿಂದ ಬಂದು ಮುದ್ದಪ್ಪನ ನೆತ್ತಿಗೆ ಬಡಿದು ಅಲ್ಲೇ ಅಂಟಿಕೊಂಡಿತು. ಕೊಟ್ಟವರ ಕೈಗೂ ತೆಗೆದುಕೊಂಡವನ ತಲೆಗೂ ನಡುವೆ ಹನ್ನೆರಡು ಅಡಿ. ಶಾಸ್ತ್ರಕ್ಕೆ ಅಷ್ಟು ಸಾಕಾಗಿತ್ತು.

ಹುಣಸೆಹಣ್ಣು ಕೆಲಸವನ್ನೇನೋ ಮಾಡಿತು. ತಾಮ್ರದ ಕೊಳವೆಗಳು ಕೆಂಡದಂತೆ ಬೆಳಗಿದವು, ಹಿತ್ತಾಳೆಯ ತಿರುಪುಗಳು ಮದುವಣಗಿತ್ತಿಯ ಮೂಗುಬಟ್ಟಿನಂತೆ ಮಿನುಗಿದವು. ಹುಳಿ ಹೋಗಲೆಂದು ನಾಲ್ಕು ಕೊಡ ನೀರು ಸುರಿದ. ಎರಡು ಗಂಟೆಗೆ ಕದಿರಪ್ಪ ಒಳಗೆ ಕೂತು “ತಿರುವು” ಎಂದ. ಮುದ್ದಪ್ಪ ಹ್ಯಾಂಡಲ್ ತಿರುವಿದ. ಇಂಜಿನ್ನು ಗೊರ್ ಎಂದು ಸುಮ್ಮನಾಯಿತು. ಹತ್ತು ಸಲ ತಿರುವಿದ. ಇಪ್ಪತ್ತು ಸಲ ತಿರುವಿದ. ಕೆಮ್ಮು ಹಿಡಿದ ಮುದುಕನ ಹಾಗೆ ಅದು ಗೊರಗೊರ ಅನ್ನುವುದು, ಎದ್ದು ಕೂಡುವುದಿಲ್ಲ.

“ಪ್ಲಗ್ಗಿನಾಗ ನೀರು ಹೊಕ್ಕೈತಿ,” ಕದಿರಪ್ಪ ಮುಖ ಸಣ್ಣ ಮಾಡಿದ. “ನೀರು ಹಾಕಂತ ನಾ ಹೇಳಿಲ್ಲಪ್ಪಾ. ಕೇಳಿದ್ರ ನಾ ಇಲ್ಲಿ ಇರಲೇ ಇಲ್ಲ.”

ಬಾಗಿಲಲ್ಲಿ ಸಾಹುಕಾರರ ಜರಿ ರುಮಾಲು ಕಾಣಿಸಿತು. “ಯಾಕ, ಹೊರಡಂಗಿಲ್ಲೇನು?”

“ಹೊರಡತೈತ್ರಿ ಧಣ್ಯಾರ, ಸ್ವಲ್ಪ ನಾಚಿಕಿ ಮಾಡಾಕ ಹತ್ತೈತ್ರಿ,” ಎಂದ ಮುದ್ದಪ್ಪ. ಮತ್ತೆ ಹ್ಯಾಂಡಲ್ ಹಿಡಿದು ತಿರುವಿದ. ಅಪ್ಪ ಬಿದ್ದ ಆ ಇಳಿಜಾರು, ನಿಲ್ಲದೆ ನಡೆದ ಆ ಎತ್ತುಗಳು!

ಅವನ ಹೆಂಡತಿ ಓಬಕ್ಕ ರೊಟ್ಟಿ ಕಟ್ಟಿಕೊಂಡು ಬಂದದ್ದು ಆಗಲೇ. ಗಂಡನ ಮುಖ, ನೀರು ಸೋರುವ ಇಂಜಿನ್ನು ಎರಡನ್ನೂ ನೋಡಿದಳು. ರೊಟ್ಟಿಯ ಗಂಟು ಅಲ್ಲೇ ಇಟ್ಟು ಕೇರಿಗೆ ಓಡಿ, ಒಡಕು ಗಡಿಗೆಯಲ್ಲಿ ಒಲೆಯ ಕೆಂಡ ತಂದಳು. ದೊಡ್ಡಮನೆಯಲ್ಲಿ ಮೂರು ಒಲೆ ಉರಿಯುತ್ತಿದ್ದವು. ಆ ಬೆಂಕಿಗೂ ಜಾತಿ ಇತ್ತು. ಗಂಡ ಹೆಂಡತಿ ನಾಲ್ಕೂ ಪ್ಲಗ್ಗು ಬಿಚ್ಚಿ ಕಡಲೆ ಹುರಿದಂತೆ ಕೆಂಡದ ಮೇಲೆ ಆಡಿಸಿದರು. ಮತ್ತೆ ಹಾಕಿ ತಿರುವಿದಾಗ ಇಂಜಿನ್ನು ಒಂದೇ ಏಟಿಗೆ ಗರ್ಜಿಸಿತು. ಕಾವು ಏರಿದಂತೆ ಸಂದಿಯಲ್ಲಿ ಉಳಿದ ಹುಣಸೆರಸ ಬೆಂದು ಘಮ್ಮೆಂದಿತು.

“ಯಾರ ಮನ್ಯಾಗಲೇ ಇವತ್ತು ಇಂಥಾ ಸಾರು?” ಎಂದು ಬೀದಿಯಲ್ಲಿ ಒಬ್ಬ ಮೂಗರಳಿಸಿ ಹೋದ.

ಮುದ್ದಪ್ಪ ಕೊನೆಯ ಸಲ ಒರೆಸಿದ. ಚಿಂದಿ ಮುಗಿದಿತ್ತು, ಮದುವೆಯಲ್ಲಿ ಕಟ್ಟಿದ್ದ ರುಮಾಲನ್ನೇ ಬಿಚ್ಚಿ ಒರೆಸಿದ. ಓಬಕ್ಕ ಬಗ್ಗಿ ನೋಡಿದಳು. ಇಂಜಿನ್ನಿನಲ್ಲಿ ಅವಳ ಮುಖ ಕಂಡಿತು. ಅವಳು ಬೆಚ್ಚಿದಳು.

“ಅಯ್ಯ, ಇಷ್ಟು ಚಂದ ಇರಬಾರದು. ದೃಷ್ಟಿ ಆಗತೈತಿ.” ಅಂದವಳೇ ಗಡಿಗೆಯ ತಳದ ಮಸಿಗೆ ಬೆರಳು ಒತ್ತಿ, ಇಂಜಿನ್ನಿನ ಒಂದು ಮೂಲೆಗೆ ಕೂಸಿನ ಕೆನ್ನೆಗೆ ಇಡುವಂತೆ ಬೊಟ್ಟು ಇಟ್ಟುಬಿಟ್ಟಳು.

“ಏ ಏ! ಏನು ಮಾಡಿದಿ? ದೊರಿ ಕರ್ಚೀಫು ಅಲ್ಲಿಗೇ ಹೋದ್ರ?”

“ಇಷ್ಟಗಲ ಬಿಟ್ಟು ಆ ಮೂಲಿಗೇ ಯಾಕ ಹೊಕ್ಕಾನ?”

“ದೊರಿಗೋಳ ಕಣ್ಣು ಮೂಲಿಗೇ ಹೊಕ್ಕತೈತಿ, ನಿನಗ ಗೊತ್ತಿಲ್ಲ.”

“ಇರಲಿ ಬಿಡು. ನಮ್ಮಂಥೋರ ಕೈಯಾಗ ಬೆಳ್ಳಗಿನ ವಸ್ತು ಇದ್ರ ಯಾರರ ಕಣ್ಣು ಹಾಕೇ ಹಾಕ್ತಾರ. ಸ್ವಲ್ಪ ಕರೇದು ಇರಲಿ. ನನ್ನ ಮಾತು ಕೇಳು.”

ಕೇಳಲು ಹೊತ್ತಿರಲಿಲ್ಲ. ಸಾಹುಕಾರರು ಬಂದು ಕೂತರು. ಕಾರು ಸ್ಟೇಷನ್ನಿನ ಕಡೆ ಹೊರಟಿತು.

ದಾರಿಯ ಧೂಳು ರೇಡಿಯೇಟರಿನ ಸಂದಿಯಿಂದ ಒಳಗೆ ನುಗ್ಗಬಾರದೆಂದು ಮಡ್‌ಗಾರ್ಡಿನ ಮೇಲೆ ಕೂತ ಮುದ್ದಪ್ಪ ತನ್ನ ರುಮಾಲನ್ನು ಅಡ್ಡ ಹಿಡಿದ. ಧೂಳು ಹೋಗಲಿಲ್ಲ. ಗಾಳಿಯೂ ಹೋಗಲಿಲ್ಲ. ಒಂದು ಮೈಲಿ ದಾಟುವುದರೊಳಗೆ ಒಳಗೆ ಕುದಿಯುವ ಸದ್ದು, ಸ್ಟೇಷನ್ನಿನ ಮುಂದೆ ಬರುವಾಗ ಮುಚ್ಚಳದಿಂದ ಬುಸ್ಸೆಂದು ಹಬೆ.

“ಸಿಡೀತೈತಿ, ಸಿಡೀತೈತಿ!” ಜನ ಚೆಲ್ಲಾಪಿಲ್ಲಿಯಾದರು. ಸಾಹುಕಾರರು ಬಾಗಿಲು ತೆಗೆಯುವುದನ್ನೂ ಮರೆತು ಮೇಲಿನಿಂದಲೇ ಹಾರಿದರು. ಕದಿರಪ್ಪ ಅವರಿಗಿಂತ ಮೊದಲು ಹಾರಿದ್ದ. ಉಳಿದವನು ಮುದ್ದಪ್ಪ ಒಬ್ಬನೇ. ರುಮಾಲು ಸುತ್ತಿದ ಕೈಯಲ್ಲಿ ಮುಚ್ಚಳ ತಿರುವಿದ. ಹಬೆ ಮುಂಗೈ ಸುಟ್ಟಿತು. ಆದರೆ ಅವನು ಹೆದರಿದ್ದು ಹಬೆಗಲ್ಲ. ಹಬೆಯ ಹನಿಗಳು ಇಂಜಿನ್ನಿನ ಮೇಲೆ ಬಿದ್ದು ಕಲೆಯಾದರೆ? ಡಬ್ಬದ ನೀರು ಹಾಕಿ, ಬಾನೆಟ್ಟು ಎತ್ತಿ, ಬೊಬ್ಬೆ ಎದ್ದ ಕೈಯಲ್ಲೇ ಒಂದೊಂದು ಹನಿಯನ್ನೂ ಒರೆಸಿದ.

ರೈಲು ಕೂಗಿತು. ಮುದ್ದಪ್ಪನ ಕಣ್ಣು ಮೂಲೆಯ ಬೊಟ್ಟಿಗೆ ಬಿತ್ತು. ಎಳ್ಳಿನಷ್ಟಿದ್ದ ಬೊಟ್ಟು ಅವನ ಕಣ್ಣಿಗೆ ಎಮ್ಮೆಯಷ್ಟು ಕಂಡಿತು. ಓಬಕ್ಕನ ಮಾತು ಒಂದು ಕಡೆ, ಬಾರಕೋಲು ಒಂದು ಕಡೆ. ದೊರೆಯ ಬೂಟು ಪ್ಲಾಟ್‌ಫಾರಂ ಮೇಲೆ ಟಕಟಕ ಎಂದಾಗ ಹೆಬ್ಬೆರಳು ತಾನೇ ಹೋಗಿ ಬೊಟ್ಟನ್ನು ಅಳಿಸಿತು.

ದೊರೆ ತೆಂಗಿನ ಮರದಷ್ಟು ಎತ್ತರ. ಸಾಹುಕಾರರ ಹಾರವನ್ನು ಮೊಣಕೈಗೆ ತೂಗುಹಾಕಿಕೊಂಡು ನೇರ ಬಾನೆಟ್ಟಿನ ಹತ್ತಿರ ಬಂದ. ಜೇಬಿನಿಂದ ಕರ್ಚೀಫು ಬಂತು. ಇಸ್ತ್ರಿ ಮಡಿಕೆ ಬಿಚ್ಚಿ, ಇಂಜಿನ್ನಿನ ನೆತ್ತಿಯ ಮೇಲೆ ಉದ್ದಕ್ಕೆ ಎಳೆದ. ತಿರುಗಿಸಿ ನೋಡಿದ. ಬಿಳಿ. ಕೊಳವೆಗಳ ಕೆಳಗೆ ಎಳೆದ. ಬಿಳಿ. ಆಮೇಲೆ ಬೆರಳಿಗೆ ಕರ್ಚೀಫು ಸುತ್ತಿ ಅದೇ ಮೂಲೆಗೆ ಹಾಕಿ ಉಜ್ಜಿದ.

ಬಿಳಿ.

“ಇದನ್ನು ಶುಚಿ ಮಾಡಿದವರು ಯಾರು?” ದೊರೆ ಕನ್ನಡವನ್ನು ಪುಸ್ತಕ ಓದಿದಂತೆ ಆಡುತ್ತಿದ್ದ.

“ನಮ್ಮ ಡ್ರೈವರು, ಹುಜೂರ್,” ಸಾಹುಕಾರರು ಕದಿರಪ್ಪನನ್ನು ಮುಂದೆ ತಳ್ಳಿದರು.

“ಕೈಗಳನ್ನು ತೋರಿಸು.”

ಕದಿರಪ್ಪನ ಕೈ ಸುಣ್ಣ, ಅಡಿಕೆ ಬಿಟ್ಟರೆ ಲಕ್ಷಣವಾಗಿತ್ತು. ದೊರೆ ನಕ್ಕ. ಸುತ್ತ ನೋಡಿದ. ಮಡ್‌ಗಾರ್ಡಿನ ಹಿಂದೆ ಅಡಗಿದ್ದವನ ಕೈ ಮೊಣಕೈವರೆಗೆ ಕಪ್ಪು, ತೊಳೆದರೂ ಒರೆಸಿದರೂ ಬಿಡದ ಮೂರು ವರ್ಷದ ಕಪ್ಪು. ದೊರೆ ಆ ಕೈಯನ್ನು ಹಿಡಿದು ಕುಲುಕಿದ. ಕರ್ಚೀಫನ್ನು ಅದರೊಳಗಿಟ್ಟ. ಸಾಹುಕಾರರತ್ತ ತಿರುಗಿ, “ಇದು ಇಂಜಿನ್ ಅಲ್ಲ. ಇದು ನಿಮ್ಮ ದೇವರ ಮನೆಯಷ್ಟು ಶುಚಿ! ನಿಮ್ಮ ಹೆಸರನ್ನು ನಾನು ಸರ್ಕಾರಕ್ಕೆ ಬರೆಯುವೆನು,” ಎಂದು ಅದೇ ಕೈಯನ್ನು ಅವರಿಗೂ ಚಾಚಿದ.

ಸಾಹುಕಾರರು ಒಂದು ಗಳಿಗೆ ಆ ಕೈಯನ್ನು ನೋಡಿದರು. ಅದರಲ್ಲಿ ಕೇರಿ ಇತ್ತು, ರಾವ್ ಸಾಹೇಬೂ ಇತ್ತು. ಕಣ್ಣು ಮುಚ್ಚಿ ಕುಲುಕಿದರು.

ದೊರೆಯನ್ನು ಬಂಗಲೆಗೆ ಬಿಟ್ಟು ಮನೆಗೆ ಬರುವಾಗ ಮುದ್ದಪ್ಪ ಮೊದಲ ಸಲ ದೀಪದ ಬುರುಡೆ ಬಿಟ್ಟು ನೆಟ್ಟಗೆ ಕೂತಿದ್ದ. ಬೆಳಗಿನಿಂದ ಹೊಟ್ಟೆಯಲ್ಲಿದ್ದ ನಡುಕ ಎಲ್ಲೋ ಇಳಿದುಹೋಗಿತ್ತು. ಕರ್ಚೀಫು ಅವನ ಎದೆಯ ಹತ್ತಿರ, ಮಡಿಕೆ ಕೆಡದಂತೆ.

ಸಾಹುಕಾರರು ಅಂಗಳದಲ್ಲೇ ನಿಂತು ಮೂರು ತಂಬಿಗೆ ನೀರು ಸುರಿದುಕೊಂಡು ನಡೆದದ್ದನ್ನೆಲ್ಲ ತಾಯಿಗೆ ಹೇಳಿದರು. ಈಶ್ವರಮ್ಮನ ಕಣ್ಣು ಅಗಲವಾದವು.

“ಏನಂದ ದೊರಿ? ಇನ್ನೊಮ್ಮಿ ಹೇಳು.”

“ದೇವರ ಮನಿ ಇದ್ದಂಗ ಐತಿ ಅಂದ ಅವ್ವಾ.”

ಈಶ್ವರಮ್ಮ ಮಾಳಿಗೆಯಿಂದ ಇಳಿದು ಬಂದರು. ಮೂರು ವರ್ಷದ ಮೇಲೆ ಮೊದಲ ಸಲ ಇಂಜಿನ್ನಿನ ಹತ್ತಿರ ಹೋಗಿ ಬಗ್ಗಿದರು. ಅರಿಶಿನ ಕುಂಕುಮ ತರಿಸಿದರು, ಊದುಬತ್ತಿ ಹಚ್ಚಿದರು, ನಿಂಬೆಹಣ್ಣು ಇಟ್ಟರು. ಮುದ್ದಪ್ಪ ಕೈಕಟ್ಟಿ ನಿಂತು, ಕುಂಕುಮದ ಕಲೆಯನ್ನು ನಾಳೆ ಹೇಗೆ ತೆಗೆಯುವುದೆಂದು ಲೆಕ್ಕ ಹಾಕುತ್ತಿದ್ದ.

“ಮುದ್ದ, ಇನ್ನ ನೀ ಇದನ್ನ ಮುಟ್ಟಬ್ಯಾಡ,” ಎಂದರು ಈಶ್ವರಮ್ಮ.

“ರೀ?”

“ದೊರಿ ಬಾಯಾಗ ದೇವರ ಮನಿ ಅಂತ ಬಂದೈತಿ. ಪೂಜಿ ಆತು. ದೇವರ ಮನ್ಯಾಗ ನೀ ಕೈ ಹಾಕಾಕ ಬರತೈತೇನು? ಕದಿರಪ್ಪ ಜಳಕ ಮಾಡಿ ಒರಸ್ತಾನ.”

ಕದಿರಪ್ಪನ ಬಾಯಿಂದ ಎಲೆಅಡಿಕೆ ಕೆಳಗೆ ಬಿತ್ತು. ಮುದ್ದಪ್ಪನ ನಡುಕ ಬಿಟ್ಟುಹೋದ ಜಾಗಕ್ಕೇ ಓಡಿ ಬಂತು.

“ಅವ್ವಾರ, ಮೈಲಿಗಿ ಐತ್ರಿ! ಒಳಗ ತೊಗಲಿನ ಪಟ್ಟಿ ಐತ್ರಿ! ವಿಲಾಯ್ತಿ ದನದ್ದು, ನೀವೇ ನೋಡೀರಿ!”

“ಋಷಿಗಳು ಕೂಡೋದು ಯಾತರ ಮ್ಯಾಲಪ್ಪಾ? ಜಿಂಕಿ ಚರ್ಮದ ಮ್ಯಾಲ. ಗುಡಿ ನಗಾರಿ ಯಾತರದ್ದು? ತೊಗಲಾದ್ರ ಏನಾತು, ದೇವರ ಹತ್ರ ಇದ್ರ ಅದೂ ಮಡಿ.”

“ಮಸಿ ಐತ್ರಿ, ಜಿಡ್ಡು ಐತ್ರಿ, ಬಾಳ ಮೈಲಿಗಿ ಐತ್ರಿ ಅವ್ವಾರ, ನನ್ನ ಮಾತು ನಂಬ್ರಿ!”

“ಎಲ್ಲೈತಿ ಮಸಿ? ತೋರಸು.”

ಮುದ್ದಪ್ಪ ಹುಚ್ಚನಂತೆ ಹುಡುಕಿದ. ಮೂಲೆಯ ಕಡೆ ನೋಡಿದ. ಅಲ್ಲಿ ಅವನ ಮುಖವೇ ಕಂಡಿತು.

“ಧಣ್ಯಾರ,” ಅವನು ಸಾಹುಕಾರರತ್ತ ತಿರುಗಿದ, “ಕರ್ಚೀಫು ಕರ್ರಗಾದ್ರ ಕಪಿಲಿ ಅಂದಿದ್ರಿ.”

“ಹೌದು.”

“ಬೆಳ್ಳಗ ಉಳೀತಲ್ರೀ!”

“ಉಳೀತು. ಅದಕ್ಕ ಹೊಡದಿಲ್ಲ,” ಎಂದರು ಸಾಹುಕಾರರು ತಲೆ ಒರೆಸಿಕೊಳ್ಳುತ್ತ. “ನಾಳಿ ಮುಂಜಾನಿ ಎತ್ತು ಕಟ್ಟು. ಇಂಜಿನ್ನು ಕರ್ರಗಾದ ಮ್ಯಾಲ ಹೇಳಿ ಕಳಸ್ತೀನಿ. ಹಾಂ, ನಾಳಿ ಬರೋ ಮುಂದ ಆ ಕರ್ಚೀಫು ತಂದು ಕಟ್ಟಿ ಮ್ಯಾಲ ಇಡು. ದೊರಿ ಕೊಟ್ಟಿದ್ದು, ಬಿಳೇದು. ತೊಳಿಸಿ ಗಾಜು ಹಾಕಿಸಿ ಗ್ವಾಡಿಗೆ ಹಾಕತೀನಿ. ನಿನ್ನ ಹತ್ರ ಇದ್ದು ಏನು ಮಾಡತೈತಿ?”

ದೀಪ ಹಚ್ಚುವ ಹೊತ್ತಿಗೆ ಮುದ್ದಪ್ಪ ಕೇರಿಗೆ ಬಂದ. ಓಬಕ್ಕ ರೊಟ್ಟಿ ಸುಡುತ್ತಿದ್ದಳು. ಅವನು ಎಲ್ಲ ಹೇಳಿ ಮುಗಿಸಿ ಸುಟ್ಟ ಕೈ ಚಾಚಿದ. ಅಂಗೈಯಲ್ಲಿ ಕರ್ಚೀಫು ಮಲ್ಲಿಗೆಯ ಹಾಗೆ ಇತ್ತು.

“ಆ ಬೊಟ್ಟು?” ಎಂದಳು ಓಬಕ್ಕ.

“ಅಳಿಸಿಬಿಟ್ಟೆ. ಅಂಜಿಕಿ ಆತು.”

ಅವಳು ಕರ್ಚೀಫು ತೆಗೆದುಕೊಂಡು ಬೆಂಕಿಯ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುವಿ ನೋಡಿದಳು. ಚಂದದ ಬಟ್ಟೆ. ಆಮೇಲೆ ರೊಟ್ಟಿಯ ಹೆಂಚನ್ನು ಒಲೆಯಿಂದ ಇಳಿಸಿ, ಬೋರಲು ಹಾಕಿ, ಅದರ ತಳಕ್ಕೆ ಕರ್ಚೀಫನ್ನು ಒತ್ತಿ ಗರಗರ ಉಜ್ಜಿದಳು. ನಾಲ್ಕು ಮೂಲೆಯೂ ಬಿಡದಂತೆ.

“ಏ! ನಾಳಿ ಧಣಿ ಕೇಳಿದ್ರ?”

“ತೋರಸು,” ಎಂದು ಓಬಕ್ಕ ಕಪ್ಪು ಕರ್ಚೀಫನ್ನು ಅವನ ಬೊಬ್ಬೆಯ ಕೈಗೆ ಸುತ್ತಿ ಗಂಟು ಹಾಕಿದಳು. “ಇನ್ನ ಇದು ನಮ್ಮದು. ಯಾರೂ ಕೇಳಂಗಿಲ್ಲ.”